ಕಡಲಿಗೆ ಇಳಿದ ಪಾತಾಳಗರಡಿ

ಎಮ್ಮೆ ಎಲ್ಲಿ ಹೋದರೂ ಬೆಳ್ಳಕ್ಕಿ ಹಿಂದೆ ಬರುವ ಹಾಗೆ, ನಾನು ಎಲ್ಲಿ ನೀರಿಗೆ ಇಳಿದರೂ ಹಿಂದೆಯೇ ಒಂದು ಫಜೀತಿ ಬಂದು ನಿಲ್ಲುತ್ತದೆ. ಕರೆಯೋದೂ ಬೇಡ, ಓಡಿಸಿದರೆ ಹೋಗೋದೂ ಇಲ್ಲ.

ನನ್ನ ಕೆಲಸ ಹೇಳಿಬಿಡುತ್ತೇನೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾರ ಬಾವಿಗೆ ಮೋಟರ್ ಬಿದ್ದರೂ, ಆಡು ಬಿದ್ದರೂ, ಹೊಸ ಮೊಬೈಲ್ ಬಿದ್ದರೂ ಫೋನ್ ಬರುವುದು ತಂಬ್ರಹಳ್ಳಿಗೆ, ನನಗೆ. ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲಿಗೆ ಪಾತಾಳಗರಡಿ ಅಂತಾರಲ್ಲ, ಜನ ನನಗಿಟ್ಟ ಹೆಸರೇ ಅದು. ಕಬ್ಬಿಣದ್ದು ಕೊಡ ಒಂದೇ ಎತ್ತುತ್ತದೆ. ನಾನು ಕೊಡದ ಜೊತೆಗೆ ಕೊಡ ಬೀಳಿಸಿದವಳ ಮರ್ಯಾದೆಯನ್ನೂ ಎತ್ತುತ್ತೇನೆ. ಹೊಗಳಿಕೊಂಡದ್ದು ಸದ್ಯಕ್ಕೆ ಇಷ್ಟು ಸಾಕು, ಉಳಿದದ್ದು ನಡುನಡುವೆ ಬರುತ್ತದೆ.

ಬಾವಿಯಲ್ಲಿ ನನಗೆ ಹೆದರಿಕೆ ಎಂದರೆ ಏನಂತ ಗೊತ್ತಿರಲಿಲ್ಲ. ಗೊತ್ತುಮಾಡಿಸಿದ್ದು ಒಂದು ಹೆಣ್ಣು ನೋಡುವ ಶಾಸ್ತ್ರ.

ಉಪ್ಪಿಟ್ಟಿನ ಮುಂದೆ ಆಡಿದ ಮಾತು

ಹುಡುಗಿಯ ಮನೆ ಕೊಟ್ಟೂರು. ಅಪ್ಪ ಇಲ್ಲ, ಮನೆಗೆ ದೊಡ್ಡವರು ಅಣ್ಣ. ಬೀಜ-ಗೊಬ್ಬರದ ಅಂಗಡಿ ಇಟ್ಟವರು, ಮೀಸೆಯನ್ನೂ ಅಂಗಡಿಯಷ್ಟೇ ಅಗಲ ಇಟ್ಟವರು. ನಮ್ಮ ಕಡೆಯಿಂದ ನಾನು, ನಮ್ಮವ್ವ, ಹಡಗಲಿ ಕಡೆಯ ಸೋದರಮಾವ. ಹುಡುಗಿ ಉಪ್ಪಿಟ್ಟು ತಂದು ಇಟ್ಟಳು. ನಾನು ಒಪ್ಪಿಬಿಟ್ಟೆ. ಎಷ್ಟು ಒಪ್ಪಿದೆ ಎಂದರೆ, ತಟ್ಟೆ ಖಾಲಿಯಾದ ಮೇಲೂ ಚಮಚ ಬಾಯಿಗೆ ಹೋಗಿಬರುತ್ತಲೇ ಇತ್ತು.

"ಏನ್ ಕೆಲಸ ಮಾಡ್ತೀಯಪ್ಪ?" ಅಣ್ಣ ಕೇಳಿದರು.

"ಮುಳುಗ್ತೀನ್ರಿ."

"ಮುಳುಗೋ ಮಂದಿ ನಮ್ಮ ಪೈಕಿನೂ ಭಾಳ ಅದಾರ. ವ್ಯಾಪಾರದಾಗ."

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತವಳು ಮೆಲ್ಲಗೆ, "ಸಮುದ್ರದಾಗೂ ಮುಳುಗೀರೇನು?" ಅಂದಳು.

ನಾನು ಅಲ್ಲಿವರೆಗೆ ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ. ಆದರೂ ಅಂಥ ಕಣ್ಣು ಕೇಳಿದಾಗ ಇಲ್ಲ ಅನ್ನುವ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ. "ಸಮುದ್ರ ಅಂದ್ರ ಏನ್ರಿ?" ಅಂದೆ. "ಉಪ್ಪು ಜಾಸ್ತಿ ಬಿದ್ದ ಬಾವಿ!"

ಹುಡುಗಿ ನಕ್ಕಳು. ಅಣ್ಣ ಮೊಬೈಲ್ ತೆಗೆದರು. ಅದರಲ್ಲೊಂದು ವಿಡಿಯೋ: ಕರಾವಳಿಯ ಯಾವುದೋ ಊರು, ಸಮುದ್ರದೊಳಕ್ಕೆ ಉದ್ದಕ್ಕೆ ಬಂಡೆ ಸುರುವಿ ಕಟ್ಟಿದ ಕಲ್ಲಿನ ಒಡ್ಡು. ಒಡ್ಡಿನ ಪಕ್ಕದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಂದು ಗುಂಪು ದಂಡೆಯಿಂದ ನಡೆದುಕೊಂಡೇ ನೀರೊಳಗೆ ಮಾಯವಾಗುತ್ತಿತ್ತು.

"ದೋಣಿ ಗೀಣಿ ಏನೂ ಬ್ಯಾಡಂತ. ಗುಂಪು ಕಟ್ಟು, ಹೋಗೋಣು. ನೀ ಮುಂದ ನಡಿ, ನಾ ಹಿಂದ ಬರ್ತೀನಿ. ತಂಗೀನ ಎಂಥವನ ಕೈಗೆ ಕೊಡ್ತೀನಿ ಅಂತ ನೋಡಬೇಕಲ್ಲ? ಸಮುದ್ರದಿಂದ ಮ್ಯಾಲೆ ಬಂದಮ್ಯಾಲೆ ಹೂಂ ಅಂತೀನೋ ಊಹೂಂ ಅಂತೀನೋ ಹೇಳ್ತೀನಿ," ಅಂದರು ಅಣ್ಣ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಹಗರಿಬೊಮ್ಮನಹಳ್ಳಿ ಬರುವವರೆಗೆ ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. ಇಳಿಯುವಾಗ ಅಂದರು: "ಅಳಿಯಾ, ಹೆಣ್ಣು ನೋಡಾಕ ಹೋದವರು ಬೈಕ್ ಕೇಳಿದ್ದು ಕೇಳೀನಿ, ಬಂಗಾರ ಕೇಳಿದ್ದು ಕೇಳೀನಿ. ಸಮುದ್ರ ಕೇಳಿ ಬಂದವ ನೀ ಒಬ್ಬನ ನೋಡಪಾ."

ಸಮುದ್ರದ ನೀರುಗಂಟಿ

ಗುಂಪು ಕಟ್ಟಿದೆವು. ನಾನು, ಅಣ್ಣ, ಹರಪನಹಳ್ಳಿಯಲ್ಲಿ ಟೈಲರ್ ಆಗಿರುವ ನನ್ನ ಗೆಳೆಯ. ಇಳಿಯದೆ ದಂಡೆಯಲ್ಲಿ ನಿಲ್ಲುವುದಕ್ಕೆ ಸೋದರಮಾವ. ನಾನು ಬಾವಿಗೆ ಇಳಿದಾಗಲೆಲ್ಲ ಮೇಲೆ ಹಗ್ಗ ಹಿಡಿದು ನಿಲ್ಲುವವರು ಅವರೇ. ನನ್ನ ಜೀವ ಇಷ್ಟು ವರ್ಷ ಅವರ ಕೈಯಲ್ಲೇ ಇದೆ.

ಕರಾವಳಿಯ ಡೈವಿಂಗ್ ಮಾಸ್ತರರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸಲಿ ಅಂತ ಸ್ಪೀಕರ್‌ಗೆ ಹಾಕಿದೆ. ಮಾಸ್ತರರು ಒಳ್ಳೆಯವರು, ಸಮಾಧಾನವಾಗಿ ವಿವರಿಸಿದರು: "ಒಡ್ಡಿನ ಪಕ್ಕ ಇಳಿಯಲಿಕ್ಕೆ ಹೊತ್ತು ನೋಡಬೇಕು ಮಾರಾಯ್ರೆ. ಬೆಳಿಗ್ಗೆ ನೀರು ಏರ್ತದೆ. ತುಂಬಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ತದೆ, ಆಗಲೇ ನಾವು ಇಳಿಯೂದು. ಆಮೇಲೆ ನೀರು ಇಳಿಲಿಕ್ಕೆ ಶುರುವಾದರೆ ಎಳೀತದೆ, ಕಷ್ಟ."

'ಎಳೀತದೆ' ಎಂಬ ಮಾತು ನನಗೆ ಸೇರಲಿಲ್ಲ; ಬಾವಿ ಯಾರನ್ನೂ ಎಳೆಯುವುದಿಲ್ಲ. ಮುಖದಲ್ಲಿ ತೋರಿಸಲಿಲ್ಲ. ಮಾವ ಮಾತ್ರ ಚುರುಕಾದರು. ಮಾವನ ಹೊಲ ಇರುವುದು ಕಾಲುವೆಯ ಬಾಲದಲ್ಲಿ. ನೀರಿಗಾಗಿ ತೂಬು ಎತ್ತುವ ನೀರುಗಂಟಿಯ ಹಿಂದೆ ಅಲೆದು ಅಲೆದು, ಎಲ್ಲಿ ನೀರು ಏರಿದರೂ ಯಾರೋ ಗೇಟು ಎತ್ತಿದ್ದಾರೆ ಎಂದೇ ಅವರ ನಂಬಿಕೆ.

"ಮಾಸ್ತರ, ಅಲ್ಲಿ ನೀರು ಬಿಡೋರು ಯಾರ್ರಿ?"

"ಯಾರೂ ಬಿಡೂದಿಲ್ಲ. ಅದಾಗೇ ಏರ್ತದೆ, ಅದಾಗೇ ಇಳೀತದೆ."

ಮಾವ ಫೋನಿಗೆ ಕೈ ಮುಚ್ಚಿ ನಮಗೆ ಕಣ್ಣು ಹೊಡೆದರು. "ನಮ್ಮ ನೀರುಗಂಟಿನೂ ಹಿಂಗ ಅಂತಾನ. ಹೆಸರು ಹೇಳಂಗಿಲ್ಲ." ಮತ್ತೆ ಫೋನಿಗೆ: "ನೋಡ್ರಿ, ನಮ್ಮ ಹುಡುಗನ ಮದುವಿ ವಿಷಯ. ಅವತ್ತೊಂದು ದಿನ ನೀರು ಮಧ್ಯಾಹ್ನದ ತನಕ ನಿಂದ್ರಿಸಾಕ ಹೇಳ್ರಿ. ಒಂದು ಚೀಲ ಶೇಂಗಾ ಕಳಿಸ್ತೀನಿ."

ಮಾಸ್ತರರು, "ಅದೆಲ್ಲ ಚಂದ್ರನ ಕೈಲಿ ಉಂಟು ಮಾರಾಯ್ರೆ," ಅಂದರು.

ಮಾವ ಗೆದ್ದವರ ಹಾಗೆ ನಮ್ಮ ಕಡೆ ನೋಡಿದರು. "ಕಡಿಗೂ ಹೆಸರು ಬಾಯಿ ಬಿಟ್ಟ ನೋಡ್ರಿ! ಈಗ ಆ ಚಂದ್ರಪ್ಪನ ನಂಬರ್ ಇಸ್ಕೋ."

ಹಿಂದೆ ಹಿಂದೆ ನಡೆಯುವ ವರ

ಮಾಸ್ತರರು ಎರಡು ಅಭ್ಯಾಸ ಹೇಳಿದ್ದರು. ಒಂದು, ಮೂಗು ಮುಚ್ಚಿ ಬಾಯಿಂದಲೇ ಉಸಿರಾಡುವುದು. ಇನ್ನೊಂದು, ಕಾಲಿಗೆ ಕಪ್ಪೆಪಾದದಂಥ ಉದ್ದನೆಯ ರಬ್ಬರ್ ಹಾಕಿಕೊಂಡಾಗ ಮುಂದಕ್ಕೆ ನಡೆದರೆ ಮುಗ್ಗರಿಸುತ್ತೇವೆ, ಆದ್ದರಿಂದ ಹಿಂದೆ ಹಿಂದೆ ನಡೆಯುವುದು.

ರಬ್ಬರ್ ಪಾದ ಆನ್‌ಲೈನ್‌ನಲ್ಲಿ ತರಿಸಿದೆ. ಮೂಗಿಗೆ ಅವ್ವ ಬಟ್ಟೆ ಒಣಹಾಕುವ ಕ್ಲಿಪ್ಪು. ಹೆದರಿಕೆಯನ್ನು ಮನೆಯೊಳಗೆ ಕೂರಿಸಿದರೆ ಕೊಬ್ಬುತ್ತದೆ ಅಂತ ಹಾಡಹಗಲೇ ಊರ ನಡುಬೀದಿಯಲ್ಲಿ ಅಭ್ಯಾಸ ಶುರುಮಾಡಿದೆ. ಹಿಂದಿನದು ಕಾಣದಲ್ಲ, ಅದಕ್ಕೆ ಟೈಲರ್ ಗೆಳೆಯ ಹಿಂದೆ ನಿಂತು, "ಬಾರಪ್ಪ ಬಾ, ಸಗಣಿ ಐತಿ, ಎಡಕ್ಕ ಬಾ," ಅಂತ ದಾರಿ ಹೇಳುತ್ತಿದ್ದ. ಒಂದು ಎಮ್ಮೆ ನನ್ನ ಕಾಲು ನೋಡಿ ಹಗ್ಗ ಹರಿದುಕೊಂಡು ಓಡಿತು. ಅದೂ ಮುಂದಕ್ಕೇ ಓಡಿತು. ಹಿಂದಕ್ಕೆ ನಡೆಯುವ ತಾಕತ್ತು ಊರಲ್ಲಿ ನನ್ನೊಬ್ಬನಿಗೇ.

ಅವತ್ತೇ, ಅದೇ ಹೊತ್ತಿಗೆ, ಕೊಟ್ಟೂರಿನಿಂದ ಹುಡುಗಿಯ ದೊಡ್ಡಪ್ಪ ಬಂದು ನಮ್ಮೂರ ಚಹದ ಅಂಗಡಿಯಲ್ಲಿ ಕೂತಿದ್ದರು. ನಮ್ಮ ಕಡೆ ಅದೊಂದು ಪದ್ಧತಿ: ಸಂಬಂಧ ಬೆಳೆಸುವ ಮುಂಚೆ ಹೆಣ್ಣಿನ ಕಡೆಯ ಹಿರಿಯರೊಬ್ಬರು ಯಾರಿಗೂ ಹೇಳದೆ ಬಂದು, ಚಹ ಕುಡಿಯುವ ನೆವದಲ್ಲಿ ಹುಡುಗನ ಗುಣ ವಿಚಾರಿಸಿ ಹೋಗುತ್ತಾರೆ. ಅವರು ನನ್ನನ್ನು ಎಂದೂ ನೋಡಿರಲಿಲ್ಲ. ನಡೆದದ್ದನ್ನು ಚಹದವನೇ ಆಮೇಲೆ ನನಗೆ ಹೇಳಿದ.

ದೊಡ್ಡಪ್ಪ ನನ್ನ ಕಡೆ ಬೆರಳು ತೋರಿಸಿ, "ಪಾಪ, ಯಾರ ಮಗ ಅದು?" ಅಂದರಂತೆ.

"ನಮ್ಮ ಪಾತಾಳಗರಡಿ ರೀ. ಚಲೋ ಹುಡುಗ. ಕೊಟ್ಟೂರಾಗ ಹೆಣ್ಣು ನೋಡ್ಯಾರ."

ದೊಡ್ಡಪ್ಪ ಚಹದ ಲೋಟ ಕೆಳಗಿಟ್ಟರಂತೆ. "ಎಷ್ಟು ದಿನ ಆತು ಹಿಂಗಾಗಿ?"

"ಮೊದಲು ನೆಟ್ಟಗಿದ್ದ ರೀ," ಅಂದನಂತೆ ಚಹದವನು. "ಹೆಣ್ಣು ನೋಡಿ ಬಂದ ಮ್ಯಾಲೆ ಹಿಂಗಾಗ್ಯಾನ."

ಮುಂಗಡ ಅಂಜಿಕೆ

ಅಣ್ಣನ ಫೋನ್ ಬಂತು. "ದೊಡ್ಡಪ್ಪ ಊಹೂಂ ಅಂದಾನ. ನಾ ಇನ್ನೂ ಏನೂ ಅಂದಿಲ್ಲ. ಏನಿದ್ರೂ ಸಮುದ್ರದಾಗ ನೋಡೋಣು."

ಈಗ ಉಳಿದದ್ದು ಸಮುದ್ರ ಒಂದೇ ದಾರಿ. ಅವತ್ತಿನಿಂದ ನನ್ನ ಊಟ ಕಡಿಮೆಯಾಯಿತು. ರೊಟ್ಟಿ ಮುರಿದರೆ ಒಳಗೆ ಅಲೆ ಕಾಣುತ್ತಿತ್ತು. ಗಟ್ಟಿಗರಿಗೆ ಹೆದರಿಕೆಯೂ ಗಟ್ಟಿಯಾಗಿಯೇ ಬರುತ್ತದೆ. ಪುಕ್ಕಲರಿಗೆ ಬರುವಂಥ ಸಣ್ಣಪುಟ್ಟದ್ದಲ್ಲ ಅದು. ಅವ್ವ ನೋಡಿದಳು, ಕೈ ಹಿಡಿದು ಬಾಗಳಿ ಹತ್ತಿರದ ಊರಿನ ಒಬ್ಬ ಅಜ್ಜನ ಕಡೆ ಎಳೆದುಕೊಂಡು ಹೋದಳು. ಹಾವು ಕಂಡು ಅಂಜಿದವರಿಗೆ, ಗುಡುಗಿಗೆ ಬೆಚ್ಚಿದ ಕೂಸಿಗೆ ಬೂದಿ ಹಚ್ಚಿ ಅಂಜಿಕೆ ತೆಗೆಯುವುದರಲ್ಲಿ ಆ ಅಜ್ಜನದು ಎತ್ತಿದ ಕೈ.

ಅಜ್ಜ ನನ್ನ ನಾಡಿ ಹಿಡಿದು ಕಣ್ಣು ಮುಚ್ಚಿದ. "ಹೂಂ. ಭಾಳ ದೊಡ್ಡದು ಕಂಡು ಅಂಜೀದಿ. ಏನ್ ಕಂಡೀ ತಮ್ಮಾ?"

"ಇನ್ನೂ ಕಂಡಿಲ್ಲಜ್ಜ," ಅಂದೆ. "ಬರೋ ಸೋಮವಾರ ಕಾಣ್ತೀನಿ."

ಅಜ್ಜ ಕಣ್ಣು ತೆರೆದ. ಅವ್ವ ನಡುವೆ ಬಾಯಿ ಹಾಕಿದಳು: "ಸಮುದ್ರಕ್ಕ ಹೊಂಟಾನ್ರಿ. ಅಲ್ಲಿ ಅಂಜಿದರ ತೆಗೆಯೋರು ಯಾರು? ಅದಕ್ಕ ಮುಂಗಡ ತೆಗದು ಕೊಡ್ರಿ."

"ಯವ್ವಾ, ಬಂದ ಅಂಜಿಕಿ ತೆಗೀತೀನಿ. ಇನ್ನೂ ದಾರ್ಯಾಗ ಇರೋದನ್ನ ಹೆಂಗ ತೆಗಿಲಿ?"

"ಅರ್ಧ ಬಂದೈತಿ ನೋಡ್ರಿ, ಊಟ ಬಿಟ್ಟಾನ."

"ಅರ್ಧಮರ್ಧ ಕೈಗೆ ಸಿಗಂಗಿಲ್ಲ." ಅಜ್ಜ ಬೂದಿ ತಟ್ಟೆ ಪಕ್ಕಕ್ಕೆ ಸರಿಸಿ ನನ್ನ ಬೆನ್ನು ತಟ್ಟಿದ. "ಹೋಗು ತಮ್ಮಾ. ಅಲ್ಲಿ ಹೋಗಿ ಹೊಟ್ಟಿ ತುಂಬ ಅಂಜಿ ಬಾ. ಅಂಜಿಕಿ ಹಣ್ಣಾಗಿರಬೇಕು, ಒಂದ ಕೈಲೆ ಕಿತ್ತು ಒಗೀತೀನಿ."

ಕಂದೀಲು

ಕರಾವಳಿ ಮುಟ್ಟಿದ್ದು ಭಾನುವಾರ ಸಂಜೆ. ಗಾಡಿಯಿಂದ ಇಳಿದು ನಾನು ಮೊದಲ ಸಲ ಸಮುದ್ರ ನೋಡಿದೆ. ಬಾವಿಗೆ ನಾಲ್ಕು ಗೋಡೆ ಇರುತ್ತವೆ; ಎಲ್ಲಿ ಕೈ ಚಾಚಿದರೂ ಕಲ್ಲು ಸಿಗುತ್ತದೆ. ಇದಕ್ಕೆ ಈ ಕಡೆ ಒಂದು ಒಡ್ಡು, ಆ ಕಡೆಯ ಗೋಡೆ ಅರಬ್ ದೇಶದಲ್ಲಿ. ಬಾವಿಯ ನೀರು ಸತ್ತ ಹಾಗೆ ಮಲಗಿರುತ್ತದೆ. ಇದು ಬಂಡೆಗಳ ಸಂದಿಯಲ್ಲಿ ನುಗ್ಗಿ, ಹಿಂದೆ ಸರಿದು, ದೊಡ್ಡ ಪ್ರಾಣಿಯ ಹಾಗೆ ಉಸಿರಾಡುತ್ತಿತ್ತು.

"ಹೆಂಗನಸ್ತೈತಿ?" ಅಣ್ಣ ಕೇಳಿದರು. ಅವರ ದನಿ ಯಾಕೋ ಸ್ವಲ್ಪ ಸಣ್ಣಗಿತ್ತು.

"ಸಣ್ಣದೈತ್ರಿ," ಅಂದೆ. ಹೇಳುವಾಗ ಗಾಡಿಯ ಬಾಗಿಲು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಮಾವ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಕಂದೀಲು ಹೊರಗೆ ತೆಗೆದರು. ಹಾಳು ಬಾವಿಗೆ ಇಳಿಯುವ ಮುಂಚೆ ನಾವು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತೇವೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆ, ಇಳಿದವನು ಸಾಯುತ್ತಾನೆ. ಆ ಪರೀಕ್ಷೆ ಮಾಡದೆ ಮಾವ ನನ್ನನ್ನು ಯಾವ ಬಾವಿಗೂ ಇಳಿಸಿದವರಲ್ಲ.

ಮಾವ ಒಡ್ಡಿನ ತುದಿಯ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಂದೀಲು ಹಚ್ಚಿ, ಮೆಲ್ಲಗೆ ಸಮುದ್ರಕ್ಕೆ ಇಳಿಸತೊಡಗಿದರು. ಗಾಳ ಹಾಕಿ ಕೂತಿದ್ದ ಮೀನಿನವರು ಗಾಳ ಬಿಟ್ಟು ನಮ್ಮನ್ನೇ ನೋಡಿದರು. ಕಂದೀಲು ನೀರಿನ ಹತ್ತಿರ ಹೋಯಿತು. ಒಂದು ಅಲೆ ಬಂತು. ಚುಂಯ್ ಅಂತು. ಕತ್ತಲೆ.

ಮಾವ ಎದ್ದು ನಿಂತು ಗಂಭೀರವಾಗಿ ಘೋಷಿಸಿದರು: "ಗ್ಯಾಸ್ ಐತಿ. ಯಾರೂ ಇಳಿಯಾಂಗಿಲ್ಲ."

ಮಾಸ್ತರರು ಓಡಿಬಂದರು. "ಎಂತದು ಮಾರಾಯ್ರೆ ಇದು? ಗ್ಯಾಸಲ್ಲ, ಅದು ನೀರು!"

ನಾನು, ಅಣ್ಣ, ಟೈಲರ್ ಮೂವರೂ ಒಟ್ಟಿಗೆ, ಒಂದೇ ಬಾಯಲ್ಲಿ ಅಂದೆವು: "ಹಿರಿಯರು ಹೇಳ್ತಾರಂದ್ರ ಇರ್ತೈತಿ ಬಿಡ್ರಿ ಮಾಸ್ತರ."

ಹಗ್ಗದ ಮೇಲಿನ ಮಾತುಕತೆ

ಮಾಸ್ತರರು ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ನೀರು ತುಂಬಿ ನಿಂತಾಗ ನಮ್ಮನ್ನು ಕಪ್ಪು ರಬ್ಬರಿನ ಅಂಗಿಯಲ್ಲಿ ತುಂಬಿದರು. ಟೈಲರ್ ಗೆಳೆಯ ಆ ಅಂಗಿಯ ಹೊಲಿಗೆಯನ್ನು ಬೆರಳಲ್ಲಿ ಜಗ್ಗಿ ನೋಡಿ, "ಈ ಹೊಲಿಗಿ ನಂಬಿ ನಾ ಸಾಯಕಾಗಲ್ಲ," ಅಂತ ಹೇಳಿ ಬಂಡೆ ಏರಿ ಕೂತ. ಉಳಿದವರು ನಾನು, ಅಣ್ಣ.

"ಇಬ್ಬರೂ ಜೋಡಿ. ಒಬ್ಬರನ್ನೊಬ್ಬರು ಬಿಡೂದಿಲ್ಲ. ನಾನು ಪಕ್ಕದಲ್ಲೇ ಇರ್ತೇನೆ, ಎದೆಮಟ್ಟದಿಂದ ಸ್ವಲ್ಪ ಆಳ ಅಷ್ಟೇ," ಅಂದರು ಮಾಸ್ತರರು. "ಹಗ್ಗ ಗಿಗ್ಗ ಬೇಡ. ಬಂಡೆಗೆ ಸಿಕ್ಕಿಕೊಳ್ತದೆ."

ಹಗ್ಗ ಬೇಡ ಅಂದದ್ದಕ್ಕೆ ಮಾವನ ಮುಖ ಕಪ್ಪಿಟ್ಟಿತು. ಮಾಸ್ತರರು ಅಣ್ಣನ ಡೈವಿಂಗ್ ಕನ್ನಡಕ ಬಿಗಿಮಾಡಲು ಆ ಕಡೆ ತಿರುಗಿದ್ದೇ ತಡ, ಮಾವ ನೈಲಾನ್ ಹಗ್ಗ ನನ್ನ ಸೊಂಟದ ಪಟ್ಟಿಗೆ ಬಿಗಿದರು. "ನಿಮ್ಮವ್ವಗ ನಾ ಮಾತು ಕೊಟ್ಟೀನಿ. ನಿನಗ ಗೊತ್ತೈತಲ್ಲ, ಹಗ್ಗ ಒಂದು ಸಲ ಜಗ್ಗಿದಿ ಅಂದ್ರ ಸಡಿಲ ಬಿಡ್ತೀನಿ. ಮ್ಯಾಲಿಂದ ಮ್ಯಾಲೆ ಜಗ್ಗಿದಿ ಅಂದ್ರ ಜೀವಕ್ಕ ಬಂದೈತಿ ಅಂತ, ಎಳದು ಹಾಕ್ತೀನಿ." ಇದು ನಮ್ಮ ಬಾವಿಯ ಭಾಷೆ. ಸತ್ಯ ಹೇಳಬೇಕೆಂದರೆ, ಆ ಹಗ್ಗದ ಗಂಟು ಸೊಂಟಕ್ಕೆ ತಾಗಿದಾಗಲೇ ನನಗೆ ಅವತ್ತು ಮೊದಲ ಸಲ ಸರಿಯಾಗಿ ಉಸಿರು ಬಂದದ್ದು.

ಬೆನ್ನಿನ ಸಿಲಿಂಡರಿನಿಂದ ಗಾಳಿ ಕೊಡುವ ರಬ್ಬರ್ ಬಾಯಲ್ಲಿ ಕಚ್ಚಿಕೊಂಡು, ಹಿಂದೆ ಹಿಂದೆ ನಡೆದು ಇಳಿದೆವು. ನೀರು ತಲೆ ಮುಚ್ಚಿತು. ಒಳಗೆ ಹಸಿರು ಹೊಗೆಯ ಹಾಗೆ, ಮುಂದೆ ಏನೂ ಕಾಣದು. ಕಿವಿಯಲ್ಲಿ ನನ್ನದೇ ಉಸಿರು ಹಳೆಯ ಪಂಪ್‌ಸೆಟ್ಟಿನ ಹಾಗೆ ಬುಸುಗುಡುತ್ತಿತ್ತು. ಒಂದು ಬಂಡೆಯ ಸಂದಿಯಿಂದ ಒಂದು ಏಡಿ ಹೊರಗೆ ಬಂದು, ಎರಡೂ ಕೈ ಎತ್ತಿ ನಮ್ಮನ್ನು ನೋಡಿತು. ಅಂಗೈಯಷ್ಟು ಏಡಿ. ಅಷ್ಟೇ.

ಅಣ್ಣ ನನ್ನ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿದರು. ಅಂಗಡಿಯಲ್ಲಿ ಗೊಬ್ಬರದ ಮೂಟೆ ಎತ್ತುವ ಕೈ ಅವು. ಮೀಸೆಯ ಸುತ್ತ ಗುಳ್ಳೆಗಳು ಏಳುತ್ತಿದ್ದವು. ನೀರಿನಲ್ಲಿ ಕೇಳಿಸುತ್ತಿರಲಿಲ್ಲ, ಆದರೆ ಕಿರುಚುತ್ತಿದ್ದಾರೆ ಅಂತ ಗುಳ್ಳೆ ನೋಡಿದರೇ ಗೊತ್ತಾಗುತ್ತಿತ್ತು. ನಾನೂ ಕಿರುಚಿದೆ. ಇಬ್ಬರ ಗುಳ್ಳೆಗಳೂ ಸೇರಿ ಮೇಲಕ್ಕೆ ಹೋದವು.

ನಾನು ಹಗ್ಗ ಮುಟ್ಟಲಿಲ್ಲ. ಇದನ್ನು ಯಾರ ಮೇಲೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಹಗ್ಗ ಜಗ್ಗಿದ್ದು ಸಮುದ್ರ. ಬಾವಿಯ ನೀರು ಹಗ್ಗ ಮುಟ್ಟುವುದಿಲ್ಲ. ಅಲೆ ಬಂದು ಬಂದು ಹೋದಾಗಲೆಲ್ಲ ಮೇಲಿಂದ ಮೇಲೆ ಜಗ್ಗಿತು. ಮೇಲೆ ಮಾವನಿಗೆ ಅಷ್ಟು ಸಾಕಾಯಿತು. "ಅಳಿಯ ಸತ್ತನಲೇ!" ಅಂತ ಕೂಗಿ, ಬಂಡೆಗೆ ಕಾಲು ಕೊಟ್ಟು ಎಳೆಯತೊಡಗಿದರು.

ನಾನು ಬೆನ್ನು ಮುಂದಾಗಿ ನೀರಿನಿಂದ ಹೊರಬಂದೆ. ಮೋಟರ್ ಎತ್ತಿದರೆ ಪೈಪು ಅಂಟಿಕೊಂಡು ಬರುವ ಹಾಗೆ ನನ್ನ ಕುತ್ತಿಗೆಗೆ ಅಣ್ಣ ಅಂಟಿಕೊಂಡು ಬಂದರು. ಅರ್ಧ ಬಂಡೆಯ ಮೇಲೆ, ಅರ್ಧ ಅಲೆಯಲ್ಲಿ ಇದ್ದೆವು. ಕೆಳಗಿನಿಂದ ಮಾಸ್ತರರು, "ಬಿಡಿ ಮಾರಾಯ್ರೆ, ನಿಂತರೆ ಕಾಲು ಎಟುಕ್ತದೆ!" ಅಂತ ಬಡಕೊಳ್ಳುತ್ತಿದ್ದರು. ಅಣ್ಣ ಬಾಯಿಯ ರಬ್ಬರ್ ಉಗುಳಿ ಚೀರಿದರು:

"ಹಗ್ಗ ಬಿಡಬ್ಯಾಡ್ರಿ! ಬೀಗರೆ, ಹಗ್ಗ ಬಿಡಬ್ಯಾಡ್ರಿ!"

ಮಾವನ ಕೈ ತಟ್ಟನೆ ನಿಂತಿತು. ಅಲ್ಲಿವರೆಗೆ ಆ ಮನುಷ್ಯ ಮಾವನನ್ನು 'ಹಿರಿಯರೆ' ಅಂತ ಬಿಟ್ಟು ಬೇರೆ ಕರೆದಿರಲಿಲ್ಲ. ನಮ್ಮ ಕಡೆ ಬೀಗರು ಅನ್ನುವುದು ಸಂಬಂಧ ಕುದುರಿದ ಮೇಲೆ.

"ಏನಂದ್ರಿ?" ಅಂದರು ಮಾವ. "ಅಲಿ ಸಪ್ಪಳಕ್ಕ ಕೇಳಸಲಿಲ್ಲ."

"ಬೀಗರೆ ಅಂದೆ! ಎಳೀರಿ!"

"ಅಂದ್ರ, ಹುಡುಗ ಒಪ್ಪಿಗಿ ಆದಂಗೋ?"

"ಮೊದಲು ಎಳೀರಿ, ಆಮ್ಯಾಲೆ ಕುಂತು ಮಾತಾಡೋಣು!"

"ಹಂಗಲ್ಲ ರೀ. ಮ್ಯಾಲೆ ಬಂದಮ್ಯಾಲೆ ಹೂಂ ಅಂತೀರೋ ಊಹೂಂ ಅಂತೀರೋ. ನೀವ ಅಂದಿದ್ರಿ," ಅಂದು ಮಾವ ಹಗ್ಗವನ್ನು ಒಂದು ಮೊಳ ಸಡಿಲ ಬಿಟ್ಟರು. ಅಲೆ ಬಂದು ಅಣ್ಣನ ಮೀಸೆ ತೊಳೆದುಕೊಂಡು ಹೋಯಿತು.

"ಹೂಂ ರೀ! ಹೂಂ! ಹೂಂ!"

ನನ್ನ ಮದುವೆಯ ಮಾತು ನಡೆಯುತ್ತಿದ್ದಾಗ ನನ್ನ ಬಾಯಲ್ಲಿ ರಬ್ಬರ್ ಇತ್ತು, ಕುತ್ತಿಗೆಯ ಮೇಲೆ ಹೆಣ್ಣಿನ ಕಡೆಯವರು ಇದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮಾವ ಎಳೆದು ಹಾಕಿದರು. ಬಂಡೆಯ ಮೇಲೆ ಅಣ್ಣ ಅಂಗಾತ ಬಿದ್ದು ಉಸಿರು ತಿರುಗಿಸಿಕೊಂಡರು. ಎದ್ದು ಕೂತರು. ಮೀಸೆ ಹಿಂಡಿದರು. ಮೀಸೆ ಒಣಗುತ್ತಿದ್ದ ಹಾಗೆ ದನಿಯೂ ಮೊದಲಿನ ಹಾಗೆ ದಪ್ಪಗಾಯಿತು. "ನೋಡ್ರಿ, ನೀರಾಗ ಆಡಿದ ಮಾತು ಬ್ಯಾರೆ. ಊರಿಗೆ ಹೋಗಿ ದೊಡ್ಡಪ್ಪನ್ನ ಕೇಳಿ..."

ಮಾವ ನನ್ನ ಸೊಂಟದ ಹಗ್ಗ ಬಿಚ್ಚಿದರು. ಅದನ್ನು ಮೆಲ್ಲಗೆ ಅಣ್ಣನ ಸೊಂಟಕ್ಕೆ ಸುತ್ತಿ, ಗಂಟು ಹಾಕತೊಡಗಿದರು.

"ಏನ್ ಮಾಡಾಕ ಹತ್ತೀರಿ?"

"ದಂಡಿ ಮ್ಯಾಲೆ ನಿಮ್ಮ ಮಾತು ಸ್ಪಷ್ಟ ಬರವಲ್ದು. ಇನ್ನೊಂದು ಸಲ ಇಳಿಸ್ತೀನಿ, ಅಲ್ಲಿಂದ ಹೇಳ್ರಿ."

ಅಣ್ಣ ಗಂಟು ನೋಡಿದರು. ಸಮುದ್ರ ನೋಡಿದರು. ಆಮೇಲೆ ಮಾವನ ಕೈ ಹಿಡಿದು, ಬಹಳ ಮೆತ್ತಗೆ ಕೇಳಿದರು:

"ಬೀಗರೆ, ಲಗ್ನ ಯಾವ ತಿಂಗಳ ಇಟ್ಕೊಳ್ಳೋಣು?"